ಮೂವತ್ತು ಗ್ರಾಂ ಅನುಮಾನ

ಕಳೆದ ಭಾನುವಾರ ಬೆಳಿಗ್ಗೆ, ಘೋಡ್‌ಬಂದರ್ ಹತ್ತಿರದ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ ನಟ್ಟನಡುವೆ, ದೋಣಿಯಲ್ಲಿ, ಹನ್ನೊಂದು ವರ್ಷದಿಂದ ನನ್ನ ಸ್ನೇಹಿತರಾದವರೊಬ್ಬರ ಮುಖಕ್ಕೇ ಹೇಳಿಬಿಟ್ಟೆ: "ನೀವು ಸುಳ್ಳು ಹೇಳ್ತೀರಿ."

ಅವರು ಜಗಳಕ್ಕೆ ಬರಲಿಲ್ಲ. ಆಣೆ ಹಾಕಲಿಲ್ಲ. ಗಾಳದ ರೀಲ್ ಸುತ್ತುತ್ತಲೇ, "ಹೌದ್ರಿ ಶೆಟ್ರ, ಹೇಳೀನಿ" ಅಂದರು.

ನಾನು ತಬ್ಬಿಬ್ಬು. ಸಿಕ್ಕಿಬಿದ್ದವನು ಮೊದಲು ಇಲ್ಲ ಅನ್ನಬೇಕು, ಆಮೇಲೆ ಕೂಗಾಡಬೇಕು, ಕೊನೆಗೆ ಬೇರೆ ದಾರಿಯಿಲ್ಲದೆ ಒಪ್ಪಬೇಕು. ಇದಲ್ಲವೇ ಕ್ರಮ? (ನಮ್ಮ ಹೋಟೆಲಿನಲ್ಲಿ ಎರಡು ವಡೆ ತಿಂದು ಒಂದೇ ಅನ್ನುವವರು ಕೂಡ ಈ ಕ್ರಮ ತಪ್ಪಿಸುವುದಿಲ್ಲ.)

ಈ ಸ್ನೇಹಿತರು ದಸ್ತಗೀರ್ ಭಾಯಿ. ವಿಜಯಪುರದ ಕಡೆಯವರು, ಮುಂಬಯಿಯ ಜೋಗೇಶ್ವರಿಯಲ್ಲಿ ಒಂದು ಲೇಥ್ ಮಶಿನ್ ಇಟ್ಟುಕೊಂಡಿದ್ದಾರೆ. ಸಯನ್‌ನಲ್ಲಿರುವ ನಮ್ಮ ಹೋಟೆಲಿನ ಗ್ರೈಂಡರ್ ಶಾಫ್ಟ್ ಮುರಿದಾಗ ಹೊಸದು ಮಾಡಿಕೊಟ್ಟರು. ಅಲ್ಲಿಂದ ಶುರುವಾದ ಸ್ನೇಹ. ಎರಡು ವರ್ಷದ ಹಿಂದೆ ಡಾಕ್ಟರು ನನ್ನ ಬಿಪಿ ನೋಡಿ, ವಾರಕ್ಕೊಂದು ದಿನವಾದರೂ ಗಲ್ಲಾ ಬಿಟ್ಟು ಏಳಿ ಅಂದಾಗ, "ನಡೀರಿ ಶೆಟ್ರ, ಮೀನ ಹಿಡಿಯೋಣು" ಎಂದು ಕರೆದುಕೊಂಡು ಹೋದವರೂ ಅವರೇ.

ದಡದಲ್ಲಿ ಗಾಳ ಹಾಕಿ ತೂಕಡಿಸುವ ಆಟ ಅಲ್ಲ ಇದು. ಪಾಂಡು ಕಾಕಾ ಎಂಬ ಕೋಳಿ ಜಾತಿಯ ಮರಾಠಿ ಮೀನುಗಾರರು (ನಮ್ಮ ಕನ್ನಡ ಅವರಿಗೆ ಅರ್ಥವಾಗುತ್ತದೆ) ದೋಣಿಯನ್ನು ನಿಧಾನವಾಗಿ ಓಡಿಸುತ್ತಿರುತ್ತಾರೆ. ಹಿಂದೆ ನಮ್ಮ ದಾರಗಳು. ಟ್ರೋಲಿಂಗ್ ಅಂತಾರೆ. (ಮೊಬೈಲಿನಲ್ಲಿ ಕೂತು ಮಂದಿಯನ್ನು ಬೈಯುವುದಲ್ಲ.) ದಾರದ ತುದಿಗೆ ಎರಡು ಕವಲು. ಒಂದರಲ್ಲಿ ಸೀಸದ ಗುಂಡು ಕೆಳಗೆ ಇಳಿದಿರುತ್ತದೆ, ಇನ್ನೊಂದರಲ್ಲಿ ನಾಲ್ಕಡಿ ಹಿಂದೆ ಪ್ಲಾಸ್ಟಿಕ್ ಮೀನು ಬಾಲ ಅಲ್ಲಾಡಿಸುತ್ತಾ ಬರುತ್ತದೆ. ಅದನ್ನು ಕಂಡು ಜಿತಾಡಾ ಎಂಬ ದೊಡ್ಡ ಮೀನು ಬಾಯಿ ಹಾಕಬೇಕು.

ಆಟವೆಲ್ಲ ಇರುವುದು ಗುಂಡಿನ ತೂಕದಲ್ಲಿ. ಭಾರ ಹೆಚ್ಚಾದರೆ ಗುಂಡು ಕೆಸರಲ್ಲಿ ಹೂತು, ಕಲ್ಲಿಗೆ ಸಿಕ್ಕಿ, ದಾರ ಕಡಿದು ಹೋಗುತ್ತದೆ. ಕಡಿಮೆಯಾದರೆ ನೀರಿನ ಸೆಳೆತಕ್ಕೆ ಎಲ್ಲವೂ ಮೇಲೆ ಎದ್ದು, ಮೀನು ಕೆಳಗೆ, ನಮ್ಮ ಪ್ಲಾಸ್ಟಿಕ್ ಮೇಲೆ. ಗುಂಡು ತಳವನ್ನು ಹೀಗೆ ಮುಟ್ಟಿ ಹಾಗೆ ಬಿಡಬೇಕು. ಸೆಳೆತ ದಿನಕ್ಕೊಂದು ಥರ, ಆದ್ದರಿಂದ ತೂಕವೂ ದಿನಕ್ಕೊಂದು ಥರ.

ದಸ್ತಗೀರ್ ಭಾಯಿ ದೋಣಿಯ ಮುಂದಿನ ತುದಿಯಲ್ಲಿ ಕೂರುತ್ತಾರೆ. ಮೊದಲು ತಾವು ಗುಂಡು ಇಳಿಸಿ, ತಳ ತಾಗಿದ್ದನ್ನು ಬೆರಳಲ್ಲೇ ತಿಳಿದುಕೊಂಡು, ಹಿಂದೆ ಕೂತ ನನಗೆ ಕೂಗಿ ಹೇಳುತ್ತಾರೆ: "ಶೆಟ್ರ, ಅರವತ್ತು!" ಅಂದರೆ ಅರವತ್ತು ಗ್ರಾಮಿನ ಗುಂಡು ಕಟ್ಟಿ ಅಂತ.

ನಾನು ತೊಂಬತ್ತು ಕಟ್ಟುತ್ತೇನೆ.

ಯಾಕೆ ಅಂತೀರಾ? ನಾನು ಇಪ್ಪತ್ತಾರು ವರ್ಷ ಗಲ್ಲಾದಲ್ಲಿ ಕೂತವನು ಸ್ವಾಮಿ! ಅಡುಗೆಯವ ಹತ್ತು ನಿಮಿಷ ಅಂದರೆ ಅರ್ಧ ಗಂಟೆ. ರಜೆಗೆ ಹೋಗುವ ಹುಡುಗ ಒಂದು ವಾರ ಅಂದರೆ ಮೂರು ವಾರ. ಪ್ಲಂಬರ್ "ಕಲ್ ಆತಾ ಹೂಂ", ನಾಳೆ ಬರುತ್ತೇನೆ ಅಂದರೆ ಗಣಪತಿ ಹಬ್ಬ ಮುಗಿದ ಮೇಲೆ. ಈ ಮುಂಬಯಿಯಲ್ಲಿ ಯಾರಾದರೂ ಹೇಳಿದ್ದನ್ನು ಹೇಳಿದ ಹಾಗೇ ತಗೊಂಡಿದ್ದೀರಾ? ಬ್ರೋಕರ್ ತೋರಿಸಿದ ಫ್ಲಾಟು ಸ್ಟೇಷನ್ನಿಂದ ನಿಜವಾಗಿ ಐದೇ ನಿಮಿಷ ಇತ್ತಾ? ಐದು ಅಂದರೆ ಇಪ್ಪತ್ತು ಅಂತ ನಾವೇ ಮನಸ್ಸಿನಲ್ಲಿ ಸರಿ ಮಾಡಿಕೊಳ್ಳುತ್ತೇವೆ. ಅಭ್ಯಾಸವಾಗಿದೆ.

ಮತ್ತೆ, ಮೀನು ಹಿಡಿಯುವವನು ತನ್ನ ಗುಟ್ಟನ್ನು ದೋಣಿ ತುಂಬಾ ಕೂಗಿ ಹೇಳುತ್ತಾನಾ? ಹತ್ತಡಿ ದೂರದಿಂದ ಅವರ ದಾರದಲ್ಲಿ ಅರವತ್ತಿದೆಯೋ ತೊಂಬತ್ತಿದೆಯೋ ಕಾಣುವ ಕಣ್ಣು ನನ್ನದಲ್ಲ. ಗುಂಡುಗಳನ್ನೂ ಅವರೇ ಎರಕ ಹೊಯ್ದು ಕೊಡುತ್ತಾರೆ. ಒಂದು ಸಲ ಹೋಟೆಲಿನ ತಕ್ಕಡಿಯಲ್ಲಿ ಕದ್ದು ತೂಗಿಯೂ ನೋಡಿದೆ. ಒಂದು ಗ್ರಾಂ ಆಚೆ ಈಚೆ ಇಲ್ಲ. ನನ್ನ ಅನುಮಾನ ಇನ್ನೂ ಹೆಚ್ಚಾಯಿತು. ಇಷ್ಟು ಕರಾರುವಾಕ್ಕಾದ ಮನುಷ್ಯ ಬೇರೆಲ್ಲೋ ಏನೋ ಮುಚ್ಚಿಡುತ್ತಿರಬೇಕು, ಅಲ್ಲವೇ?

ಎರಡು ವರ್ಷ ಹೀಗೇ ಆಯಿತು. ಅವರ ಚೀಲದಲ್ಲಿ ಜಿತಾಡಾ, ರಾವಸ ಮೀನು. ನನ್ನ ಚೀಲದಲ್ಲಿ ಕಡಿದ ದಾರ. ಅವರು ಅರವತ್ತು ಅಂದಾಗ ನಾನು ತೊಂಬತ್ತು, ತೊಂಬತ್ತು ಅಂದಾಗ ನೂರಿಪ್ಪತ್ತು. ಗುಂಡುಗಳು ಖಾಡಿಯ ತಳ ಸೇರುತ್ತಲೇ ಇದ್ದವು. ನನ್ನ ಲೆಕ್ಕಾಚಾರದಲ್ಲಿ ತಪ್ಪಿರಬಹುದು ಅಂತ ಒಂದು ಸಲವಾದರೂ ಅನ್ನಿಸಿತಾ? ಇಲ್ಲ. ಮೂವತ್ತು ಸಾಲದೇನೋ, ನಲವತ್ತು ಸೇರಿಸಬೇಕಿತ್ತೇನೋ ಅಂತ ಅನ್ನಿಸಿತ್ತು!

ಹೋದ ತಿಂಗಳು ಪವಾಡವಾಯಿತು. ಒಂದು ಭಾನುವಾರ ಒಂದು ಜಿತಾಡಾ ಸಿಕ್ಕಿತು. ಮುಂದಿನ ಭಾನುವಾರ ಎರಡು. ಅದರ ಮುಂದಿನ ವಾರ ಮತ್ತೆ ಒಂದು. ನಾನು ಮನೆಗೆ ಬಂದು ಹೆಂಡತಿ ಸುಮತಿಯ ಮುಂದೆ ಎದೆಯುಬ್ಬಿಸಿ ನಿಂತೆ.

"ನೋಡಿದ್ಯಾ? ಭಾಯಿ ಹೇಳಿದ್ದಕ್ಕೆ ಮೂವತ್ತು ಸೇರಿಸಿದೆ, ಮೀನು ಬಂತು. ಅಂದ್ರೆ ಅವರು ಇಷ್ಟು ದಿನ ನನಗೆ ಮೂವತ್ತು ಕಮ್ಮಿ ಹೇಳ್ತಾ ಇದ್ದದ್ದು ಗ್ಯಾರಂಟಿ ಆಯ್ತು."

ಸುಮತಿ ಮೀನಿನ ಹುರುಪೆ ಕೆರೆಯುತ್ತಾ, "ಎರಡು ವರ್ಷವೂ ನೀವು ಮೂವತ್ತು ಸೇರಿಸಿಯೇ ಕಟ್ಟಿದ್ದಲ್ವಾ? ಆಗ ಎಂತಕ್ಕೆ ಮೀನು ಬರ್ಲಿಲ್ಲ?" ಅಂದಳು.

ನಾನು ಬಿಡಲಿಲ್ಲ. ಇನ್ನು ಈ ಮನುಷ್ಯನ ಜೊತೆ ಹೋಗುವುದೇ ಇಲ್ಲ, ಸುಳ್ಳುಗಾರನ ಸಹವಾಸ ಸಾಕು ಅಂದೆ. ಸುಮತಿಗೆ ಸಿಟ್ಟು ಬಂತು. "ಆ ಜನ ನಿಮ್ಮ ಆಪರೇಷನ್ನಿನ ದಿನ ಆಸ್ಪತ್ರೆಯಲ್ಲಿ ನನ್ನೊಟ್ಟಿಗೆ ಕೂತವರು ಮಾರಾಯ್ರೆ. ಸುಳ್ಳ ಅಂತ ಹೇಳುವ ಮೊದಲು ಒಂದೇ ಒಂದು ಸಲ ಅವರು ಹೇಳಿದ್ದನ್ನೇ ಕಟ್ಟಿ ನೋಡಿ. ಮೀನು ಬರ್ಲಿಲ್ವಾ, ಆಮೇಲೆ ನೀವು ಸಂಬಂಧ ಬಿಟ್ಟರೂ ನಾನು ಬಾಯಿ ಬಿಡುವುದಿಲ್ಲ."

ಸರಿ, ಅದೇ ಪರೀಕ್ಷೆ ಅಂತ ಕಳೆದ ಭಾನುವಾರ ದೋಣಿ ಹತ್ತಿದೆ. ಒಂದು ಗುಂಡಿನ ಮೇಲೆ ಹನ್ನೊಂದು ವರ್ಷದ ಸ್ನೇಹ ನಿಂತಿದೆ ಅಂತ ಆ ಮನುಷ್ಯನಿಗೆ ಗೊತ್ತೇ ಇಲ್ಲ. ಡಬ್ಬಿ ಬಿಚ್ಚಿ ಖೀಮಾ ಪಾವ್ ಹಂಚುತ್ತಿದ್ದಾರೆ. ನಾನು ಪಾವ್ ಕೈಯಲ್ಲೇ ಹಿಡಿದು ಗುಂಡುಗಳನ್ನು ಎಣಿಸಿದೆ.

ಇಳಿತದ ನೀರು ಜೋರಾಗಿತ್ತು. ಅವರು ಗುಂಡು ಇಳಿಸಿದರು, ಬೆರಳಲ್ಲಿ ದಾರ ಹಿಡಿದು ನೋಡಿದರು, ಕೂಗಿದರು: "ಶೆಟ್ರ, ಅರವತ್ತು!"

ನನ್ನ ಕೈ ತನ್ನಷ್ಟಕ್ಕೆ ತೊಂಬತ್ತರ ಗುಂಡಿಗೆ ಹೋಯಿತು. ತಡೆದೆ. ಜೀವನದಲ್ಲಿ ಮೊದಲ ಬಾರಿಗೆ, ಒಬ್ಬ ಮನುಷ್ಯ ಹೇಳಿದ್ದನ್ನು ಹೇಳಿದ ಹಾಗೇ ಕಟ್ಟಿದೆ. ಅರವತ್ತು.

ಎರಡು ಗಂಟೆ ಸುತ್ತಿದೆವು. ನನ್ನ ಗುಂಡು ತಳ ಮುಟ್ಟಲೇ ಇಲ್ಲ. ಸೆಳೆತಕ್ಕೆ ಎದ್ದೆದ್ದು ಬಂತು. ಅವರಿಗೆ ಮೂರು ಜಿತಾಡಾ. ನನಗೆ ಒಂದು ಪ್ಲಾಸ್ಟಿಕ್ ಚೀಲ. ಪರೀಕ್ಷೆ ಮುಗಿಯಿತು, ಸಾಕ್ಷಿ ಸಿಕ್ಕಿತು. ಮೈಯೆಲ್ಲ ಉರಿದುಹೋಯಿತು. ಆಗ ಅಂದದ್ದೇ ಆ ಮಾತು: ನೀವು ಸುಳ್ಳು ಹೇಳ್ತೀರಿ.

"ಹೌದ್ರಿ ಶೆಟ್ರ, ಹೇಳೀನಿ. ಇವತ್ತ ನೀರು ತೊಂಬತ್ತರದು. ನಾ ಕಟ್ಟಿದ್ದೂ ತೊಂಬತ್ತ. ನಿಮಗ ಅರವತ್ತ ಹೇಳೀನಿ."

"ಯಾಕೆ?"

"ನೀವು ಮೂವತ್ತು ಸೇರಿಸಿ ಕಟ್ತೀರಲ್ರೀ, ಅದಕ್ಕ."

ಪಾಂಡು ಕಾಕಾ ಎಂಜಿನ್ ಆಫ್ ಮಾಡಿದರು. ಜಗಳ ಸರಿಯಾಗಿ ಕೇಳಿಸಲಿ ಅಂತ ಇರಬೇಕು.

ದಸ್ತಗೀರ್ ಭಾಯಿ ರಾಡ್ ಕೆಳಗಿಟ್ಟು ನನ್ನ ಕಡೆ ತಿರುಗಿ ಕೂತರು. "ಗುಂಡು ಎರಕ ಹೊಯ್ಯಾಂವ ನಾನ. ಬ್ಯಾಸಗಿಯಿಂದ ನೋಡಾಕತ್ತೀನಿ. ನಾ ಅರವತ್ತು ಅಂದ ದಿನಾನೂ ನಿಮ್ಮ ತೊಂಬತ್ತ ಕಳೀತಾವು. ಅರವತ್ತರ ಗುಂಡು ಒಂದರ ಕೇಳೀರೇನು ಎರಡ ವರ್ಷದಾಗ? ಆಗ ತಿಳೀತು ನನಗ. ಶೆಟ್ರು ನನ್ನ ಮಾತಿಗೆ ಮೂವತ್ತು ಹಚ್ಚತಾರ ಅಂತ. ಹೋಗ್ಲಿ ಬಿಡು, ಮನಷ್ಯಾಗ ಮೀನರ ಸಿಗಲಿ ಅಂತ, ಒಂದ ತಿಂಗಳಾತು, ಮೂವತ್ತು ಕಮ್ಮಿ ಮಾಡಿ ಹೇಳಾಕತ್ತೀನಿ. ಸಿಕ್ಕಾವೋ ಇಲ್ಲೋ?"

ಸಿಕ್ಕಿದ್ದವು. ಅವರು ಎರಡು ವರ್ಷ ನಿಜ ಹೇಳಿದರು, ನಾನು ಸುಳ್ಳು ಅಂದುಕೊಂಡೆ. ಒಂದು ತಿಂಗಳು ನನ್ನ ಒಳ್ಳೆಯದಕ್ಕೇ ಸುಳ್ಳು ಹೇಳಿದರು, ಅದೇ ಹೊತ್ತಿಗೆ ನಾನು ನಂಬಿಬಿಟ್ಟೆ. ನಾಚಿಕೆಯಾಯಿತು. ಆದರೆ ನಾಚಿಕೆಯಾದಾಗ ಮನುಷ್ಯ ಸುಮ್ಮನಿರುತ್ತಾನಾ? ನಾನೇ ಮತ್ತೆ ಜೋರು ಮಾಡಿದೆ.

"ನೇರವಾಗಿ ಹೇಳಬಹುದಿತ್ತಲ್ಲ ಭಾಯಿ! ಶೆಟ್ರೇ, ಸೇರಿಸಬೇಡಿ, ನಾನು ಹೇಳಿದ್ದೇ ಸರಿ ಅಂತ!"

"ಹೇಳಿದ್ರ ನಂಬತಿದ್ರೇನ್ರಿ?"

ಪಾಂಡು ಕಾಕಾ ನನ್ನ ಪರವಾಗಿ ತಲೆ ಅಲ್ಲಾಡಿಸಿ, ಇಲ್ಲ ಅಂದುಬಿಟ್ಟರು.

ಆಮೇಲೆ ಎಂಜಿನ್ ಹಾಕಿ ದೋಣಿಯನ್ನು ದಡಕ್ಕೆ ತಿರುಗಿಸಿದರು. ಇಳಿಯುವಾಗ ದಸ್ತಗೀರ್ ಭಾಯಿ ಒಂದು ಜಿತಾಡಾ ತೆಗೆದು ನನ್ನ ಚೀಲಕ್ಕೆ ಹಾಕಿದರು. "ಇವತ್ತ ಸುಳ್ಳುಗಾರ ಅಂದ್ರಿ, ಅದಕ್ಕ ಬ್ಯಾಸರಿಲ್ಲ. ಖರೇ ಇತ್ತು. ಖರೇ ಹೇಳಿದಾಗ ಎರಡ ವರ್ಷ ಹಂಗ ಅಂದ್ಕೊಂಡ್ರಲ್ಲ, ಅದು ಹತ್ತತೈತ್ರಿ" ಎಂದು ಎದೆ ಮುಟ್ಟಿಕೊಂಡರು. ಸ್ಕೂಟರ್ ಹತ್ತಿ ಹೋದರು. ಹಿಂದೆ ಕೂರಿ, ಬಸ್‌ಸ್ಟಾಪಿಗೆ ಬಿಡ್ತೀನಿ ಅಂತ ಪ್ರತಿ ವಾರ ಕರೆಯುವವರು ಈ ಸಲ ಕರೆಯಲಿಲ್ಲ. ಥಾಣೆ ಸ್ಟೇಷನ್ನಿಂದ ಸಯನ್‌ವರೆಗೆ ಲೋಕಲ್‌ನಲ್ಲಿ ಚೀಲ ಹಿಡಿದು ನಿಂತೇ ಬಂದೆ. ಸೀಟು ಖಾಲಿ ಇತ್ತು.

ಸುಮತಿ ಎಲ್ಲ ಕೇಳಿ ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. "ಫೋನ್ ಮಾಡಿ, ತಪ್ಪಾಯ್ತು ಅಂತ ಹೇಳಿ" ಅಂದಳು. ಮಾಡಿದೆ. ಅವರು ಎತ್ತಲಿಲ್ಲ. ಸೋಮವಾರವೂ ಇಲ್ಲ, ಮಂಗಳವಾರವೂ ಇಲ್ಲ. ಗಲ್ಲಾದಲ್ಲಿ ಕೂತು ಚಿಲ್ಲರೆ ತಪ್ಪು ಕೊಟ್ಟೆ. ಗಿರಾಕಿಯೇ ವಾಪಸ್ ತಂದುಕೊಟ್ಟ. (ಅವನನ್ನೂ ಒಂದು ಸಲ ಮೇಲಿಂದ ಕೆಳಗೆ ನೋಡಿದೆ, ಸುಳ್ಳು ಹೇಳುವುದಿಲ್ಲ.) ಇನ್ನು ಭಾನುವಾರ ಅಂತ ನನಗೆ ಇಲ್ಲ, ಆ ಮನುಷ್ಯನನ್ನು ಕೈಯಾರೆ ಕಳಕೊಂಡೆ ಅಂತ ಖಾತ್ರಿಯಾಗಿತ್ತು.

ನಿನ್ನೆ ಮಧ್ಯಾಹ್ನ ವಾಟ್ಸಾಪಿನಲ್ಲಿ ಅವರ ವಾಯ್ಸ್ ಮೆಸೇಜ್ ಬಂತು. ಹಿಂದೆ ಲೇಥ್ ಮಶಿನ್ ಕಿರುಗುಟ್ಟುವ ಸದ್ದು. "ಶೆಟ್ರ, ಐತವಾರ ಬರ್ರಿ. ನೀರು ಜೋರ ಇರತೈತಿ. ತೊಂಬತ್ತು ತರ್ರಿ. ಖರೇ ತೊಂಬತ್ತು."

ಖುಷಿಗೆ ಕಣ್ಣಲ್ಲಿ ನೀರೇ ಬಂತು. ಸುಮತಿಗೆ ಕೇಳಿಸಿದೆ. ಎರಡನೇ ಸಲ ನಾನೊಬ್ಬನೇ ಕೇಳಿದೆ. ಮೂರನೇ ಸಲ ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದೆ.

ಅಲ್ಲ, ಬರೀ ತೊಂಬತ್ತು ಅಂದಿದ್ದರೆ ಸಾಕಿತ್ತಲ್ಲ, ಆ 'ಖರೇ' ಯಾಕೆ ಸೇರಿಸಿದರು?