ಒತ್ತಾಯವಿಲ್ಲದ ಊಟ

ತಂಗಿಯ ಮದುವೆಯಾದ ವರ್ಷ ಅವಳ ಅತ್ತೆ-ಮಾವನನ್ನು ಊಟಕ್ಕೆ ಕರೆಯಬೇಕಿತ್ತು. ಉಂಡು ಖುಷಿಯಲ್ಲಿರುವಾಗ, ಮಗಳನ್ನು ನಾಲ್ಕು ದಿನ ನಮ್ಮಲ್ಲಿ ಬಿಟ್ಟುಹೋಗಿ ಎಂದು ಕೇಳುವುದು ಅಮ್ಮನ ಯೋಚನೆ. ಗಂಡನ ಮನೆಗೆ, ಕುಮಟೆಗೆ ಹೋದಮೇಲೆ ಅವಳು ಹೊನ್ನಾವರದ ನಮ್ಮ ಮನೆಯಲ್ಲಿ ಒಂದು ರಾತ್ರಿಯೂ ಉಳಿದಿರಲಿಲ್ಲ.

ಮನೆಯಲ್ಲೇ ಮಾಡುತ್ತೇನೆ ಎಂದಳು ಅಮ್ಮ. ಭಟ್ಕಳದಲ್ಲಿ ಹೊಸ ಬಾರ್ಬೆಕ್ಯೂ ಹೋಟೆಲು ಆಗಿದೆ, ಮೇಜಿನ ನಡುವೆಯೇ ಕೆಂಡ ಇಟ್ಟು ಮೀನು, ಕೋಳಿ ಕಂಬಿಗೆ ಚುಚ್ಚಿ ಸುಟ್ಟು ಕೊಡುತ್ತಾರೆ, ಸಾಕು ಅನ್ನುವವರೆಗೂ ತರುತ್ತಲೇ ಇರುತ್ತಾರೆ ಎಂದೆ ನಾನು. ಅಮ್ಮನಿಗೆ ಆಯಾಸವಾಗದಿರಲಿ ಎಂದೇ ಹಾಗೆ ಹೇಳಿದ್ದೆನೆಂದು ಬಹಳ ಕಾಲ ನಂಬಿಕೊಂಡಿದ್ದೆ. ಧಾರವಾಡದಲ್ಲಿ ಓದಿ ಬಂದವನ ಹಮ್ಮು ಅದರಲ್ಲಿ ಎಷ್ಟಿತ್ತೋ.

ಎಲ್ಲರೂ ವ್ಯಾನಿನಲ್ಲಿ ಹೋದೆವು. ತಂಗಿಯ ಮಾವ ಒಂದು ತುಂಡು ಇಸೋಣ ಮೀನು ತಿಂದು, ತಟ್ಟೆಗೆ ಅಂಗೈ ಅಡ್ಡ ಹಿಡಿದರು. “ಸಾಕು, ಸಾಕು.” ನಮ್ಮ ಕಡೆ ಮೊದಲ ‘ಸಾಕು’ ಅಂದರೆ ಇನ್ನೊಮ್ಮೆ ಕೇಳಿ ಎಂದರ್ಥ. ಬಡಿಸುವವನು ನಗುತ್ತಾ ತಲೆಯಾಡಿಸಿ, ಮೀನಿನ ಕಂಬಿ ಎತ್ತಿಕೊಂಡು ಪಕ್ಕದ ಮೇಜಿಗೆ ಹೋದ.

ಮನೆಯಲ್ಲಾಗಿದ್ದರೆ ಅಮ್ಮ ಆ ಕೈಯ ಸಂದಿಯಲ್ಲೇ ತುಂಡು ಜಾರಿಸುತ್ತಿದ್ದಳು. ಇಲ್ಲಿ ಏನು ಮಾಡಬೇಕೆಂದು ತಿಳಿಯದೆ ನನ್ನ ಮುಖ ನೋಡಿದಳು. ನಾನು ಕೆಂಡಕ್ಕೆ ಗಾಳಿ ಎಲ್ಲಿಂದ ಬರುತ್ತದೆಂದು ತಂಗಿಯ ಗಂಡನಿಗೆ ವಿವರಿಸುತ್ತಿದ್ದೆ.

ತಂಗಿಯ ಅತ್ತೆ ನಗುತ್ತಲೇ ಅವಳಿಗೆ ಹೇಳಿದರು: “ನಿಮ್ಮಲ್ಲಿ ಬಡಿಸೂಕೂ ಸಂಬಳದ ಜನ ಅಂತ ಮೊದ್ಲೇ ಹೇಳೂದಲ್ವಾ? ನಾವೂ ಒಬ್ಬನ್ನ ಇಟ್ಕಳ್ತಿದ್ವು.”

ತಂಗಿ ಎದ್ದಳು. ಕೆಂಡದ ಮೇಲಿದ್ದ ಇನ್ನೊಂದು ಕಂಬಿಯನ್ನು ಸೆರಗಿನಲ್ಲಿ ಹಿಡಿದು, “ಮಾವಾ, ಒಂದೇ ತುಂಡು,” ಎಂದು ಬಗ್ಗಿದಳು. ಆಚೆ ಮೇಜಿನವರು ತಿರುಗಿ ನೋಡಿದರು.

“ಕೂತ್ಕಾ. ಇಲ್ಲಿ ಹಾಗೆಲ್ಲ ಮಾಡೂದಲ್ಲ,” ಎಂದೆ.

ನಾನೇ ಅಂದೆನೇ? ಅಮ್ಮ ಈಗಲೂ, ನೀನಲ್ಲ, ಹೋಟೆಲಿನವನು ಅಂದದ್ದು ಅನ್ನುತ್ತಾಳೆ. ಅದು ನಿಜವಾಗಿರಲಿ ಎಂದು ನನಗೆ ಎಷ್ಟು ಆಸೆಯೆಂದರೆ, ಆ ಆಸೆಯ ಕಾರಣಕ್ಕೇ ನಂಬಲಾರೆ.

ಅವಳು ಕಂಬಿ ಇಟ್ಟು ಕೂತಳು. ಮಾವ ಸ್ವಲ್ಪ ಹೊತ್ತು ಹಾಗೇ ತಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದು, ಆಮೇಲೆ ಕೈ ತೊಳೆಯಲು ಎದ್ದರು. “ಆತಲ್ಲ, ಹೊರಡುವ,” ಎಂದರು ಅತ್ತೆ.

ಹೊನ್ನಾವರದಲ್ಲಿ ನಾನೂ ಅಮ್ಮನೂ ಇಳಿದೆವು. ತಂಗಿ ಸೀಟಿನಿಂದ ಅರ್ಧ ಎದ್ದವಳು, ಅತ್ತೆ ಕಿಟಕಿಯ ಕಡೆ ತಿರುಗಿದ್ದು ಕಂಡು ಮತ್ತೆ ಕೂತಳು. ವ್ಯಾನು ಕುಮಟೆಯ ಕಡೆ ಹೋಯಿತು.

“ನೀನು ಕೇಳಲೇ ಇಲ್ವಲ್ಲ,” ಎಂದೆ ಅಮ್ಮನಿಗೆ.

“ಎಂತ ಮುಖ ಇಟ್ಕಂಡು ಕೇಳೂದು?” ಎಂದು ಅಮ್ಮ ಬೀಗ ತೆಗೆದಳು.