ನಲವತ್ತೇಳನೇ ಪುಟದ ಕುಂಕುಮ

ತ್ರಿವೇಣಿಯ ಬಗ್ಗೆ ಒಳ್ಳೆಯ ಮಾತು ಬರೆಯಲು ಕೂತರೆ ನನಗೆ ಹೊಟ್ಟೆ ಉರಿಯುತ್ತದೆ. ಉರಿಯಲಿ, ಸುಳ್ಳು ಬರೆಯುವವನಲ್ಲ ನಾನು.

ಕಪನೂರಿನ ನಮ್ಮ ತೊಗರಿಬೇಳೆ ಮಿಲ್ಲಿಗೆ ಅವಳು ಬಂದದ್ದು ಚೀಲ ಹೊಲಿಯಲು. ಸೇಡಂ ರಸ್ತೆಯ ಹತ್ತಿರ ಒಂದು ಬಾಡಿಗೆ ಖೋಲಿ, ಅದರಲ್ಲಿ ತಾಯಿ ಮತ್ತು ಇವಳು. ಬಣ್ಣ ನೋಡಿ ಕರಿಕಾಳು ಹೊರಹಾಕುವ ಕಂಪ್ಯೂಟರ್ ಯಂತ್ರ ಮಾತ್ರ ನನ್ನ ಕೈಯಲ್ಲಿತ್ತು. ಅದರ ದಪ್ಪ ಪುಸ್ತಕವೂ ನನ್ನದೇ. ಕಂಪನಿಯ ಇಂಜಿನಿಯರ್ ಹೇಳಿಕೊಟ್ಟದ್ದನ್ನೆಲ್ಲ ಇಂಗ್ಲಿಷ್ ಸಾಲುಗಳ ಪಕ್ಕ ಕನ್ನಡದಲ್ಲಿ ಬರೆದಿಟ್ಟು, ಒಂಬತ್ತು ವರ್ಷ ಯಾರಿಗೂ ಮುಟ್ಟಗೊಡಲಿಲ್ಲ. ಇವಳೋ, ಹೊರಗೆ ಕೂತು ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಮೊಬೈಲು! ಊಟದ ಹೊತ್ತಿನಲ್ಲೇ ಕಂಪನಿಯವರು ಇಂಟರ್ನೆಟ್ಟಿನಲ್ಲಿ ಹಾಕಿದ್ದನ್ನು ಓದಿ ಓದಿ ಯಂತ್ರ ಕಲಿತುಬಿಟ್ಟಳು. ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಮೊಬೈಲು ಎಂಥ ಗುರು ಎಂದು ನಾನು ಎಲ್ಲರೆದುರು ನಕ್ಕೆ.

ಶ್ರಾವಣದಲ್ಲಿ ಸಾವುಕಾರ ಶಿವಶರಣರು ಕಮಲಾಪುರದಲ್ಲಿ ಹೊಸ ಮಿಲ್ಲು ಹಾಕಿದರು. ಕಮಲಾಪುರ ನನ್ನೂರು. ಅಲ್ಲಿಯ ಮೇಸ್ತ್ರಿ ಕೆಲಸ ಸಿಕ್ಕಿದ್ದರೆ ದಿನದ ಬಸ್ಸಿನ ಓಡಾಟ ತಪ್ಪಿ, ಮಧ್ಯಾಹ್ನ ಮನೆಯಲ್ಲೇ ಬಿಸಿ ರೊಟ್ಟಿ ತಿನ್ನುತ್ತಿದ್ದೆ. ಅದೇ ವಾರ ಕರೆಂಟು ಹೋಗಿ ಬಂದಾಗ ಯಂತ್ರದ ಅಳತೆಗಳೆಲ್ಲ ಅಳಿಸಿಹೋದವು. ಒಳ್ಳೆಯ ಬೇಳೆಯನ್ನೇ ಹೊರಗೆ ಉಗುಳತೊಡಗಿತು.

“ಯಾರು ನೆಟ್ಟಗ ಮಾಡ್ತೀರಿ, ಅವ್ರೇ ಕಮಲಾಪುರಕ್ಕ ಮೇಸ್ತ್ರಿ,” ಎಂದರು ಸಾವುಕಾರರು.

“ಅಳತಿ ಎಲ್ಲಾ ನಲವತ್ತೇಳನೇ ಪುಟದಾಗ ಅದಾವರೀ,” ಎಂದು ಠೀವಿಯಿಂದ ಪುಸ್ತಕ ಬಿಚ್ಚಿದೆ. ಅಯ್ಯೋ ಶಿವನೇ! ಪ್ರತಿ ಆಯುಧ ಪೂಜೆಗೆ, ಬಹಳ ಮುಖ್ಯವಾದ ಪುಟವೆಂದು ಅದನ್ನೇ ತೆರೆದಿಟ್ಟು ಒದ್ದೆ ಕುಂಕುಮ ಹಚ್ಚಿದವನು ನಾನೇ. ಬಾಯಿಪಾಠವಾಗಿದೆಯೆಂದು ಅದನ್ನು ಓದುವುದು ಬಿಟ್ಟು ವರ್ಷಗಳಾಗಿದ್ದವು. ಈಗ ನೋಡಿದರೆ ಅಂಕಿಗಳೂ ಇಲ್ಲ, ನನ್ನ ಕನ್ನಡವೂ ಇಲ್ಲ, ಎಲ್ಲ ಕೆಂಪು ರಾಡಿ. ನೆನಪಿನ ಮೇಲೆ ಮೂರು ಸಲ ಅಂಕಿ ಒತ್ತಿದೆ. ಮೂರು ಸಲವೂ ಬೇಳೆ ಹೊರಗೇ ಬಿತ್ತು.

ತಗಡಿನ ಶೆಡ್ಡಿನೊಳಗೆ ನೆಟ್‌ವರ್ಕ್ ಇಲ್ಲ. ಅವಳ ಮೊಬೈಲೂ ಬಾಯಿ ಮುಚ್ಚಿದ್ದು ನೋಡಿ ಒಳಗೊಳಗೇ ಖುಷಿಪಟ್ಟೆ. ಅವಳು ಸುಮ್ಮನೆ ಗೇಟಿನಾಚೆ ಹೋಗಿ ಬಿಸಿಲಲ್ಲಿ ನಿಂತು, ಮೊಬೈಲು ನೋಡಿ ನೋಡಿ ಒಂದು ಹಾಳೆಯ ಮೇಲೆ ಬರೆದುಕೊಂಡು ಬಂದಳು. ಐದೇ ನಿಮಿಷ. ಯಂತ್ರ ಸರಿಯಾಯಿತು, ಕಮಲಾಪುರ ಅವಳದಾಯಿತು.

ಹೋಗುವ ದಿನ ಆ ಹಾಳೆ ನನ್ನ ಕೈಗಿಟ್ಟಳು.

“ಅಣವೀರಪ್ಪ ಕಾಕಾ, ಇದನ್ನ ನಿಮ್ಮ ಪುಸ್ತಕದಾಗ ಅಂಟಿಸ್ಕೋರಿ. ನೆಟ್ ಇಲ್ದಾಗ ಪುಸ್ತಕನೇ ಬೇಕಾಗ್ತದ. ಕುಂಕುಮ ಮಾತ್ರ ಮ್ಯಾಲಿನ ರಟ್ಟಿಗೆ ಹಚ್ಚರಿ.”

“ನೀ ಹೇಳಿ ನಾ ಕೇಳ್ಬೇಕೇನ?” ಎಂದು ಗದರಿದೆ. ಹಾಳೆ ಮಾತ್ರ ಅಂಟಿಸಿಕೊಂಡೆ.

ಈಗ ದಿನಾ ಬೆಳಿಗ್ಗೆ ನಾನು ನನ್ನೂರಿನಿಂದ ಬರುವಾಗ ಅವಳ ಬಸ್ಸು ನನ್ನೂರಿಗೆ ಹೋಗುತ್ತದೆ. ಮೊನ್ನೆ ಆಯುಧ ಪೂಜೆಗೆ ಹಟದಿಂದ ಅದೇ ಪುಟ ತೆರೆದೆ. ಕುಂಕುಮದ ಬೆರಳು ಆ ಹಾಳೆಯವರೆಗೆ ಹೋಗಿ ನಿಂತಿತು. ಒಂದೊಂದು ಅಂಕಿಯ ಪಕ್ಕ ಕನ್ನಡದಲ್ಲಿ ಬರೆದಿದ್ದಾಳೆ, ಥೇಟ್ ನನ್ನ ಹಾಗೆ. ಅಕ್ಷರಗಳು ನನ್ನವಕ್ಕಿಂತ ದುಂಡಗಿವೆ, ಹಾಳಾದವು!

ಪುಸ್ತಕ ಮುಚ್ಚಿ, ರಟ್ಟಿಗೆ ಕುಂಕುಮ ಹಚ್ಚಿದೆ.