ನನ್ನ ಮಾತು ಹೋಗದ ಫೋನು

ಬಾಳೂರಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಹನ್ನೊಂದು ವರ್ಷ ರೈಟರ್ ಆಗಿದ್ದೆ. ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು, ಸಂಜೆ ಅವರು ಕುಯ್ದು ತಂದ ಹಣ್ಣು ತೂಗಿಸುವುದು ನನ್ನ ಕೆಲಸ. ಮೊಬೈಲ್ ಫೋನು ನಮ್ಮ ಬೆಟ್ಟಗಳಿಗೆ ಆಗಷ್ಟೇ ಬಂದಿತ್ತು. ಸಾಹುಕಾರರ ಕೈಯಲ್ಲೊಂದಿತ್ತು. ಏಳು ತಿಂಗಳ ಬಸುರಿ ಹೆಂಡತಿಯನ್ನು ವಸ್ತಾರೆಯ ತವರಿಗೆ ಬಿಟ್ಟು ಬಂದ ವಾರ ನಾನೂ ಮೂಡಿಗೆರೆಯ ಒಂದು ಅಂಗಡಿಯಲ್ಲಿ ಒಂದನ್ನು ಕೊಂಡೆ. ಬಂಗಲೆಯ ಲ್ಯಾಂಡ್‌ಲೈನು ಆ ಮಳೆಗಾಲದಲ್ಲಿ ಸತ್ತದ್ದು ಮತ್ತೆ ಎದ್ದಿರಲಿಲ್ಲ. ಎಸ್‌ಟಿಡಿ ಬೂತ್ ಬೇಕೆಂದರೆ ಮೂರು ಮೈಲಿ ನಡೆದು ಬಾಳೂರಿಗೆ ಹೋಗಬೇಕು. ಕುಯ್ಲಿನ ಕಾಲದಲ್ಲಿ ತೂಕ ಮುಗಿಯುವ ಹೊತ್ತಿಗೆ ಬೂತಿನವನು ಬಾಗಿಲು ಎಳೆದು ಹೋಗಿರುತ್ತಿದ್ದ.

ಸಿಗ್ನಲ್ ಎಲ್ಲ ಕಡೆ ಸಿಗುತ್ತಿರಲಿಲ್ಲ. ಕಾಫಿ ಒಣಗಿಸುವ ಕಣದ ಮೇಲ್ತುದಿಯಲ್ಲಿ ಒಂದು ನೀರಿನ ಟ್ಯಾಂಕು. ಅದರ ಕಟ್ಟೆಯ ಮೇಲೆ ನಿಂತರೆ ಎರಡು ಗೆರೆ, ಕೆಳಗಿಳಿದರೆ ಸೊನ್ನೆ. ದಿನಾ ಹಾಜರಿಗೆ ಮೊದಲು ಒಮ್ಮೆ, ತೂಕ ಮುಗಿದ ಮೇಲೆ ಒಮ್ಮೆ ಆ ಕಟ್ಟೆ ಹತ್ತುತ್ತಿದ್ದೆ. ಮೊದಲ ಎರಡು ವಾರ ನನಗಿಂತ ಸುಖಿ ಆ ಎಸ್ಟೇಟಿನಲ್ಲಿ ಯಾರೂ ಇರಲಿಲ್ಲ.

ಮೂರನೆಯ ವಾರದಲ್ಲಿ ಒಂದು ಸಂಜೆ ಫೋನು ಮಾಡಿದಾಗ ಮಾವ ಎತ್ತಿದರು. "ಹಲೋ" ಎಂದರು. ನಾನು "ಮಾವ, ನಾನು" ಎಂದೆ. ಅವರು ಮತ್ತೆ "ಹಲೋ, ಯಾರು?" ಎಂದರು. ನಾನು ಗಂಟಲು ಏರಿಸಿದೆ. ಕಣದಲ್ಲಿ ಕಾಫಿ ರಾಶಿ ಮಾಡುತ್ತಿದ್ದ ಆಳುಗಳು ತಿರುಗಿ ನೋಡಿದರು. ಅತ್ತ ಮಾವ ಯಾರಿಗೋ ಹೇಳಿದ್ದು ನನಗೆ ಪಕ್ಕದಲ್ಲಿ ಕೂತಷ್ಟು ಸ್ಪಷ್ಟವಾಗಿ ಕೇಳಿತು: "ಯಾರೋ ಪೋಲಿಗಳು ಮಾರಾಯ್ತಿ, ಸುಮ್ನೆ ಫೋನ್ ಮಾಡಿ ಉಸ್ರೆತ್ತದೆ ಕೂತಿದಾರೆ."

ಅವರ ಮಾತು ನನಗೆ ಬರುತ್ತಿತ್ತು. ನನ್ನ ಮಾತು ಅವರಿಗೆ ಹೋಗುತ್ತಿರಲಿಲ್ಲ. ಫೋನನ್ನು ಆರಿಸಿ ಹಚ್ಚಿದೆ, ಬ್ಯಾಟರಿ ತೆಗೆದು ಒರೆಸಿ ಹಾಕಿದೆ. ಮೇಸ್ತ್ರಿ ತನ್ನ ಪಂಚೆಯ ತುದಿಯಿಂದ ಅದರ ಬುಡದ ಸಣ್ಣ ತೂತನ್ನು ಉಜ್ಜಿ ಊದಿ ಕೊಟ್ಟ. ಏನೂ ಆಗಲಿಲ್ಲ.

ಭಾನುವಾರ ಮೂಡಿಗೆರೆಗೆ ಹೋದೆ. ಫೋನು ಮಾರುವಾಗ ಕಾಫಿ ತರಿಸಿ ಕುಡಿಸಿದ್ದ ಅಂಗಡಿಯವನು ಈ ಸಲ ಕೂರಲೂ ಹೇಳಲಿಲ್ಲ. "ನಾವು ಮಾರೋದಷ್ಟೇ ರೈಟ್ರೇ. ವಾರಂಟಿ ಕಂಪನೀದು. ಚಿಕ್ಕಮಗಳೂರಲ್ಲಿ ಸರ್ವಿಸ್ ಸೆಂಟರ್ ಉಂಟು, ಅಲ್ಲಿ ಕೊಟ್ರೆ ಬೇರೆ ಪೀಸೇ ಕೊಡ್ತಾರೆ."

"ಇವತ್ತೇ ಹೋಗ್ಲಾ?"

"ಇವತ್ತು ಭಾನುವಾರ ಅಲ್ವಾ? ರಜೆ."

ನನಗೆ ಬಿಡುವಿರುವುದು ಭಾನುವಾರ ಮಾತ್ರ. ಕುಯ್ಲಿನ ನಡುವೆ ರೈಟರು ರಜೆ ಕೇಳುವುದೆಂದರೆ ಮದುವೆ ಮನೆಯಲ್ಲಿ ಅಡುಗೆ ಭಟ್ಟರು ರಜೆ ಕೇಳಿದಂತೆ. ಆದರೂ ಕೇಳಿದೆ. ಸಾಹುಕಾರರು, "ಹೋಗಿ ಬನ್ನಿ. ಸಂಜೆ ತೂಕಕ್ಕೆ ಇರ್ಬೇಕು" ಎಂದರು.

ಚಿಕ್ಕಮಗಳೂರಿನ ಆ ಸರ್ವಿಸ್ ಸೆಂಟರು ಒಂದು ಮಹಡಿಯ ಮೇಲಿನ ಉದ್ದನೆಯ ಕೋಣೆ. ಟೋಕನ್ ಹಿಡಿದು ಕಾದೆ. ಕೌಂಟರಿನಲ್ಲಿದ್ದ ಹೆಂಗಸು ಬಿಲ್ಲು ನೋಡಿದಳು, ಫೋನಿನ ಹಿಂಬದಿ ಕಳಚಿದಳು, ಬ್ಯಾಟರಿಯ ಕೆಳಗಿದ್ದ ಸಾಸಿವೆ ಗಾತ್ರದ ಒಂದು ಚುಕ್ಕೆಯನ್ನು ಪೆನ್ನಿನ ತುದಿಯಿಂದ ತೋರಿಸಿದಳು.

"ಇದು ಬಿಳಿ ಇರ್ಬೇಕು ಸಾರ್. ಕೆಂಪಾಗಿದೆ. ನೀರು ಬಿದ್ದಿದೆ. ನೀರು ಬಿದ್ರೆ ವಾರಂಟಿ ಬರಲ್ಲ."

"ನೀರು ಬಿದ್ದೇ ಇಲ್ಲ ಮೇಡಂ. ಕರ್ಚೀಫಲ್ಲಿ ಸುತ್ತಿ ಇಟ್ಕೊಂಡಿದೀನಿ."

"ಯಾವೂರು ನಿಮ್ಮದು?"

"ಬಾಳೂರು ಕಡೆ."

"ಅಲ್ಲಿ ಇಬ್ಬನಿ ಜಾಸ್ತಿ ಅಲ್ವಾ?"

ಜಾಸ್ತಿಯೇ. ಡಿಸೆಂಬರಿನಲ್ಲಿ ಬೆಳಿಗ್ಗೆ ಕಾಫಿ ಗಿಡಗಳ ನಡುವೆ ಹೋದರೆ ಸೊಂಟದವರೆಗೆ ಒದ್ದೆಯಾಗುತ್ತದೆ. ಆದರೆ ಅಲ್ಲಿಯೂ ಮನುಷ್ಯರಿದ್ದಾರೆ, ಅವರಿಗೂ ಇದೇ ಫೋನು ಮಾರುತ್ತಾರೆ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ನನಗೆ ಸಿಟ್ಟು ಬಂದಾಗ ಮಾತು ಹಿಂದೆ ಉಳಿದುಬಿಡುತ್ತದೆ. ಹೆಂಡತಿಯ ಹೆರಿಗೆ ಹತ್ತಿರವಿದೆ ಎಂದಷ್ಟೇ ಹೇಳಿದೆ. ಅವಳ ಮುಖ ಸ್ವಲ್ಪ ಸಡಿಲಾಯಿತು. ಒಳಗೆ ಹೋಗಿ ಯಾರನ್ನೋ ಕೇಳಿ ಬಂದಳು.

"ಬೆಂಗಳೂರಿಗೆ ಕಳಿಸಿ ನೋಡ್ಬಹುದು ಸಾರ್. ಅಲ್ಲಿ ಒಪ್ಪಿದ್ರೆ ಬದಲಿ ಕೊಡ್ತಾರೆ. ಒಂದು ತಿಂಗಳು ಆಗತ್ತೆ."

"ಅಲ್ಲೀವರೆಗೆ ಬೇರೆ ಫೋನ್ ಕೊಡ್ತೀರಾ?"

"ಹಾಗೆಲ್ಲ ಕೊಡಲ್ಲ ಸಾರ್."

ಒಂದು ತಿಂಗಳೆಂದರೆ ಹೆರಿಗೆಯ ದಿನ ದಾಟಿರುತ್ತದೆ. ಫೋನು ಕೊಟ್ಟುಬಿಟ್ಟರೆ ನನಗೆ ಏನೂ ಕೇಳಿಸುವುದಿಲ್ಲ. ಇಟ್ಟುಕೊಂಡರೆ ಕೇಳಿಸುವುದಾದರೂ ಕೇಳಿಸುತ್ತದೆ. ಟೋಕನ್ನನ್ನು ಬೆರಳಲ್ಲಿ ಮಡಚುತ್ತ ಸ್ವಲ್ಪ ಹೊತ್ತು ನಿಂತೆ. ನನ್ನ ಹಿಂದಿನವರು "ಬೇಗ ಮಾರಾಯ್ರೆ" ಎಂದರು. ಫೋನನ್ನು ಮತ್ತೆ ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಇಳಿದು ಬಂದೆ.

ಊರಿಗೆ ಹೊರಡುವ ಮೊದಲು ಬಸ್ ಸ್ಟ್ಯಾಂಡಿನ ಬೂತಿನಿಂದ ಹೆಂಡತಿಗೆ ವಿಷಯ ಹೇಳಿದೆ. "ಸರಿ ಬಿಡಿ. ದಿನಾ ಹೊತ್ತಿಗೆ ಸರಿಯಾಗಿ ಮಾಡಿ, ನಾನೇ ಎತ್ತಿ ಮಾತಾಡ್ತೀನಿ, ನೀವು ಕೇಳಿಸ್ಕೊಳ್ಳಿ" ಎಂದಳು. ಈಗಿನವರು ಮೆಸೇಜ್ ಕಳಿಸಬಹುದಿತ್ತಲ್ಲ ಎನ್ನುತ್ತಾರೆ. ವಸ್ತಾರೆಯ ಮನೆಯಲ್ಲಿದ್ದದ್ದು ಜಗುಲಿಯ ಗೂಡಿನಲ್ಲಿಟ್ಟ ಲ್ಯಾಂಡ್‌ಲೈನು. ಅದಕ್ಕೆ ಮೆಸೇಜ್ ಎಲ್ಲಿಂದ ಹೋಗಬೇಕು?

ಹಾಗೆ ಅವಳು ಮಾತಾಡುತ್ತಿದ್ದಳು, ನಾನು ಟ್ಯಾಂಕಿನ ಕಟ್ಟೆಯ ಮೇಲೆ ನಿಂತು ಕೇಳುತ್ತಿದ್ದೆ. ಕಾಲು ಊದಿದ್ದು, ಅಮ್ಮ ಮಾಡಿಕೊಟ್ಟ ಮೆಣಸಿನ ಸಾರು, ಎದುರು ಮನೆಯವರ ಎಮ್ಮೆ ಬೇಲಿ ಮುರಿದದ್ದು. ನಾಲ್ಕನೆಯ ದಿನವೋ ಐದನೆಯ ದಿನವೋ ಅವಳು ಮಾತಾಡುತ್ತಿರುವಾಗ ನನ್ನ ಹೆಬ್ಬೆರಳು ಯಾವುದೋ ನಂಬರಿನ ಗುಂಡಿಯ ಮೇಲೆ ಬಿತ್ತು. ಅವಳು ತಟ್ಟನೆ ನಿಲ್ಲಿಸಿದಳು.

"ಅದೆಂತದು ಕುಂಯ್ ಅಂತು? ನೀವಾ? ನೀವೇ ಆದ್ರೆ ಇನ್ನೊಂದ್ಸಲ ಒತ್ತಿ."

ಒತ್ತಿದೆ. ಅವಳು ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಹೌದಾದರೆ ಒಂದು ಸಲ, ಅಲ್ಲವಾದರೆ ಎರಡು ಸಲ ಒತ್ತಬೇಕೆಂದು ಅವಳೇ ಹೇಳಿದಳು. ಊಟ ಆಯ್ತಾ? ಕುಂಯ್. ಅನ್ನ ಸೀದು ಹೋಯ್ತಾ? ಕುಂಯ್ ಕುಂಯ್. ಮನೆಯಲ್ಲಿ ಉಳಿದವರಿಗೆ ಇದನ್ನು ಅವಳು ಹೇಳಿರಲಿಲ್ಲ. ಗಂಡ ಹೆಂಡತಿ ಹೀಗೆ ಆಟವಾಡುತ್ತಾರೆ ಎಂದು ನಕ್ಕಾರು ಎಂಬ ನಾಚಿಕೆ.

ಆದರೆ ಅವಳು ಕೇಳಿದ್ದಕ್ಕೆ ಮಾತ್ರ ನಾನು ಉತ್ತರಿಸಬಹುದಿತ್ತು. ನನಗೇ ಕೇಳಬೇಕಾದದ್ದು ಎಷ್ಟೋ ಇತ್ತು. ತಲೆಸುತ್ತು ಬಂದಿತ್ತು ಎಂದಳಲ್ಲ, ಡಾಕ್ಟರಿಗೆ ತೋರಿಸಿದಳಾ? ಅದನ್ನು ಯಾವ ಗುಂಡಿಯಲ್ಲಿ ಕೇಳಲಿ? ಒಂದು ಸಂಜೆ ಅವಳು ಬಹಳ ಮೆಲ್ಲಗೆ, "ನಂಗೆ ಯಾಕೋ ಹೆದ್ರಿಕೆ ಆಗತ್ತೆ ಕಣ್ರೀ. ನಿಮಗೂ ಆಗತ್ತಾ?" ಎಂದಳು. ಆಗುತ್ತಿತ್ತು. ಹೌದೆಂದರೆ ಅವಳು ಇನ್ನೂ ಹೆದರುತ್ತಾಳೆ. ಅಲ್ಲವೆಂದರೆ ಸುಳ್ಳು. ಎರಡು ಸಲ ಒತ್ತಿದೆ. ಅವಳು, "ಹಾಗಾದ್ರೆ ಸರಿ" ಎಂದು ಇಟ್ಟುಬಿಟ್ಟಳು. ಮಾತು ಬರುತ್ತಿದ್ದಿದ್ದರೆ ಅದರ ಹಿಂದೆ ಏನಾದರೂ ಸೇರಿಸುತ್ತಿದ್ದೆ.

ಡಾಕ್ಟರು ಹೇಳಿದ ದಿನಕ್ಕೆ ಇನ್ನೂ ಎರಡು ವಾರವಿತ್ತು. ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಕಣದಲ್ಲಿ ಕಾಫಿ ತಿರುವಿಸುತ್ತಿದ್ದೆ. ಟ್ಯಾಂಕಿನ ಕಟ್ಟೆಯ ಮೇಲಿಟ್ಟಿದ್ದ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಎತ್ತಿದರೆ ಹೆಂಡತಿಯ ತಮ್ಮ.

"ಭಾವ, ಚಿಕ್ಕಮಗಳೂರು ಆಸ್ಪತ್ರೆಯಿಂದ ಮಾತಾಡ್ತಿದೀನಿ. ಕಾಯಿನ್ ಬಾಕ್ಸು. ಅಕ್ಕಂಗೆ ಬೆಳಗಾಗೋಕ್ ಮೊದ್ಲೇ ನೋವು ಬಂತು. ಬಿಪಿ ಜಾಸ್ತಿ ಆಗಿದೆಯಂತೆ, ಈಗ್ಲೇ ಆಪರೇಷನ್ ಮಾಡ್ಬೇಕಂತೆ. ಗಂಡ ಎಲ್ಲಿ, ಸಹಿ ಯಾರು ಹಾಕ್ತೀರಿ ಅಂತ ಕೇಳ್ತಿದಾರೆ. ಅಪ್ಪ ನಿಮ್ಮ ಮಾತಿಲ್ದೆ ಹಾಕಲ್ಲ ಅಂತ ಕೂತಿದಾರೆ. ಎಂತ ಮಾಡ್ಲಿ ಹೇಳಿ."

"ಹಾಕಿ ಅನ್ನು" ಎಂದು ಕೂಗಿದೆ. ಕೂಗಿ, ನೆನಪಾಗಿ, ಗುಂಡಿ ಒತ್ತಿದೆ. ಒಂದು ಸಲ.

"ಭಾವ? ಕೇಳ್ತಿದೆಯಾ?"

ಮತ್ತೆ ಒತ್ತಿದೆ.

"ಇದೆಂತದು, ಬರೀ ಕುಂಯ್ ಅಂತಿದೆ. ಭಾವ, ಮಾತಾಡಿ ಮಾರಾಯ್ರೆ! ಹಾಕ್ಬೇಕಾ ಬೇಡ್ವಾ?"

ಒತ್ತಿದೆ. ಒಂದೇ ಸಲ, ಗಟ್ಟಿಯಾಗಿ, ಬಹಳ ಹೊತ್ತು. ಗಟ್ಟಿಯಾಗಿ ಒತ್ತಿದರೆ ಗಟ್ಟಿಯಾಗಿ ಕೇಳಿಸುತ್ತದೆಂಬ ಹಾಗೆ. ಅವನು ಬೈದುಕೊಂಡು ಇಟ್ಟ. ಎರಡು ನಿಮಿಷ ಬಿಟ್ಟು ಮತ್ತೆ ಮಾಡಿದ. ಈ ಸಲ ಹಿನ್ನೆಲೆಯಲ್ಲಿ ಅತ್ತೆ ಅಳುವುದು ಕೇಳುತ್ತಿತ್ತು, ಯಾರೋ ನರ್ಸ್ "ಬೇಗ ಹೇಳ್ರೀ" ಎನ್ನುವುದೂ ಕೇಳುತ್ತಿತ್ತು. ನಾನು ಒತ್ತುತ್ತಲೇ ಇದ್ದೆ. ಕೊನೆಗೆ ಅವನು ಯಾರಿಗೋ, "ಎತ್ತಿದಾರೆ, ಆದ್ರೆ ಏನೂ ಹೇಳ್ತಿಲ್ಲ" ಎಂದ. ಅಲ್ಲಿಗೆ ಲೈನು ಕಡಿಯಿತು.

ಪಕ್ಕದಲ್ಲಿ ನಿಂತಿದ್ದ ಮೇಸ್ತ್ರಿ, "ಬಂಗಲೆಗೆ ಓಡಿ ರೈಟ್ರೇ, ಸಾವ್ಕಾರ್ರ ಫೋನಲ್ಲಿ ಮಾತಾಡಿ" ಎಂದ. ಸಾಹುಕಾರರು ಬೆಳಿಗ್ಗೆಯೇ ಜೀಪು ತಗೊಂಡು ಮೂಡಿಗೆರೆಗೆ ಹೋಗಿದ್ದರು, ಅವರ ಫೋನು ಅವರ ಜೇಬಿನಲ್ಲಿತ್ತು. ಬಾಳೂರಿಗೆ ಓಡಿದೆ. ಮೂರು ಮೈಲಿಯಲ್ಲಿ ಎಷ್ಟು ಓಡಿದೆನೋ ಎಷ್ಟು ನಡೆದೆನೋ ನೆನಪಿಲ್ಲ. ಒಂದು ಚಪ್ಪಲಿಯ ಉಂಗುಷ್ಟ ಕಿತ್ತು ಅದನ್ನು ಕೈಯಲ್ಲಿ ಹಿಡಿದಿದ್ದೆ. ಬೂತಿನಿಂದ ಆ ಕಾಯಿನ್ ಬಾಕ್ಸಿನ ನಂಬರಿಗೆ ಮಾಡಿದೆ. ಯಾರೋ ಅಪರಿಚಿತರು ಎತ್ತಿದರು. ಹೆಂಡತಿಯ ಹೆಸರು ಹೇಳಿ, ಅವರ ಮನೆಯವರನ್ನು ಕರೆಯಿರಿ ಎಂದು ಬೇಡಿಕೊಂಡೆ. "ನೋಡ್ತೀನಿ ತಡೀರಿ" ಎಂದು ರಿಸೀವರನ್ನು ಹಾಗೆಯೇ ಬಿಟ್ಟು ಹೋದರು. ಈಗ ನನ್ನ ಮಾತು ಹೋಗುತ್ತಿತ್ತು. ಕೇಳುವವರು ಯಾರೂ ಇರಲಿಲ್ಲ. ಕಾರಿಡಾರಿನಲ್ಲಿ ಜನ ಓಡಾಡುವ ಸದ್ದು, ಯಾವುದೋ ಮಗು ಅಳುವುದು. ಕಳಸದಿಂದ ಚಿಕ್ಕಮಗಳೂರಿಗೆ ಹೋಗುವ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕಿದಾಗ ಫೋನಿಟ್ಟು ಓಡಿ ಹತ್ತಿದೆ.

ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ಆಪರೇಷನ್ ಆಗಿಹೋಗಿತ್ತು. ಹೆಣ್ಣುಮಗು, ಸಣ್ಣದು, ಆದರೆ ಉಸಿರಾಟ ಸರಿಯಿತ್ತು. ಹೆಂಡತಿಗೆ ಇನ್ನೂ ಎಚ್ಚರವಾಗಿರಲಿಲ್ಲ. ನನ್ನ ಮಾತಿಗಾಗಿ ಕಾದೂ ಕಾದೂ ಡಾಕ್ಟರು ರೇಗಿದ ಮೇಲೆ ಮಾವನೇ ಸಹಿ ಹಾಕಿದ್ದರಂತೆ. ನನ್ನನ್ನು ನೋಡಿ ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಅಷ್ಟು ಹೊತ್ತು ಫೋನ್ ಹಿಡ್ಕೊಂಡು ಸುಮ್ನೆ ಇದ್ರಲ್ಲ. ಒಂದು ಮಾತು ಹೇಳೋಕೆ ಆಗ್ಲಿಲ್ವಾ?"

ಫೋನು ಸರಿಯಿಲ್ಲ ಎಂದಷ್ಟೇ ಹೆಂಡತಿ ಅವರಿಗೆ ಹೇಳಿದ್ದಳಂತೆ. ನನ್ನ ಮಾತು ಒಂದೂ ಹೋಗುವುದಿಲ್ಲ, ಕುಂಯ್ ಎಂದದ್ದೇ ಮಾತು ಎಂಬುದು ಗೊತ್ತಿರಲಿಲ್ಲ. ನಾನು ವಿವರಿಸಿದೆ. ಹೇಳುತ್ತ ಹೋದಂತೆ ಅದು ನನ್ನ ಕಿವಿಗೇ ತಪ್ಪಿಸಿಕೊಳ್ಳುವ ಮಾತಿನಂತೆ ಕೇಳಿಸಿತು. ಸಂಜೆ ಎಚ್ಚರವಾದ ಹೆಂಡತಿ ಮಾತ್ರ, "ತಮ್ಮಂಗೆ ಹೇಳಿಡ್ಬೇಕಿತ್ತು ನಾನು. ನನ್ನದೇ ತಪ್ಪು" ಎಂದು ಕಣ್ಣೀರು ಹಾಕಿದಳು. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿದವಳು ತಪ್ಪು ತನ್ನದೆನ್ನುತ್ತಿದ್ದಳು. ಅವಳ ಕಾಲ ಹತ್ತಿರ ಕೂತು ಹೊದಿಕೆ ಸರಿಮಾಡಿದೆ.

ಮೂರನೆಯ ದಿನ ಮತ್ತೆ ಆ ಮಹಡಿ ಹತ್ತಿದೆ. ಅದೇ ಹೆಂಗಸು. ಬೆಂಗಳೂರಿಗೆ ಕಳಿಸಿ ಎಂದೆ. ಅವಳು ಫಾರಂ ತುಂಬತೊಡಗಿದಳು. "ತೊಂದರೆ ಏನು ಸಾರ್?" ಹೇಳಲು ಬಾಯಿ ತೆರೆದೆ. ಆ ಖಾನೆ ಎರಡು ಬೆರಳಿನಗಲ ಇತ್ತು. "ಮಾತು ಹೋಗಲ್ಲ" ಎಂದೆ. ಅವಳು ಎರಡೇ ಶಬ್ದ ಬರೆದು ಚೀಟಿ ಹರಿದು ಕೊಟ್ಟಳು.

ಒಂದು ತಿಂಗಳಾದ ಮೇಲೆ ಬೂತಿನಿಂದ ವಿಚಾರಿಸಿದರೆ, "ಇನ್ನೂ ಬಂದಿಲ್ಲ ಸಾರ್" ಎಂದರು. ಮತ್ತೆ ಎರಡು ವಾರಕ್ಕೆ, "ನೀರು ಬಿದ್ದಿದೆ ಅಂತ ವಾಪಸ್ ಬಂದಿದೆ ಸಾರ್, ಬಂದು ತಗೊಂಡು ಹೋಗಿ." ಹೋಗಲಿಲ್ಲ. ಹೋಗುವ ಮನಸ್ಸಾಗಲಿಲ್ಲ. ಮಾರ್ಚ್ ತಿಂಗಳಲ್ಲಿ ಮಗಳ ಚುಚ್ಚುಮದ್ದಿಗೆಂದು ಚಿಕ್ಕಮಗಳೂರಿಗೆ ಹೋದಾಗ, ಕೆಟ್ಟದ್ದಾದರೂ ನನ್ನದೇ ಅಲ್ಲವೇ ಎಂದು ಚೀಟಿ ಹಿಡಿದು ಹೋದೆ. ಕೌಂಟರಿನ ಹೆಂಗಸು ಒಳಗಿನಿಂದ ಹೊಸ ಡಬ್ಬಿಯೊಂದನ್ನು ತಂದು ಮುಂದಿಟ್ಟಳು.

"ಇಲ್ಲಿ ಸಹಿ ಹಾಕಿ ಸಾರ್. ಬದಲಿ ಪೀಸು."

"ವಾರಂಟಿ ಬರಲ್ಲ ಅಂದಿದ್ರಲ್ಲ?"

"ಈ ಮಾಡೆಲ್‌ದು ತುಂಬಾ ಪೀಸಲ್ಲಿ ಮೈಕ್ ಪ್ರಾಬ್ಲಂ ಬಂದಿದೆ ಸಾರ್. ಎಲ್ರಿಗೂ ಬದಲಿ ಕೊಡಿ ಅಂತ ಹೋದ ವಾರ ಕಂಪನಿಯಿಂದ ಬಂತು."

"ಹಾಗಾದ್ರೆ ನೀರು ಬಿದ್ದಿರ್ಲಿಲ್ಲ ಅಲ್ವಾ?"

ಅವಳು ಫಾರಮಿನ ಹಾಳೆ ತಿರುಗಿಸಿದಳು. ಕೆಟ್ಟವಳೇನಲ್ಲ. ಅವಳಿಗೆ ಇದಕ್ಕೆ ಉತ್ತರ ಹೇಳುವ ಅಧಿಕಾರ ಯಾರೂ ಕೊಟ್ಟಿರಲಿಲ್ಲ. "ಅದು ಗೊತ್ತಿಲ್ಲ ಸಾರ್. ಇಲ್ಲೂ ಒಂದು ಸಹಿ" ಎಂದಳು. ಹಾಕಿದೆ.

ಡಬ್ಬಿಯನ್ನು ಕೈಯಲ್ಲಿ ಹಿಡಿದೇ ವಸ್ತಾರೆಗೆ ಹೋದೆ. ಮಾವ ಅಂಗಳದಲ್ಲಿ ಚಾಪೆ ಹಾಸಿ ಕಾಳುಮೆಣಸು ಹರವುತ್ತಿದ್ದರು. ಅವರಿಗೆ ಅದನ್ನು ತೋರಿಸಿ, ಕಂಪನಿಯವರೇ ತಪ್ಪು ಒಪ್ಪಿಕೊಂಡರು, ಕೆಟ್ಟದ್ದು ಫೋನೇ, ನಾನು ಆವತ್ತು ಹಾಕಿ ಅಂತಲೇ ಹೇಳಿದ್ದೆ ಎಂದೆ. ಅವರು ಡಬ್ಬಿಯನ್ನು ತೆಗೆದುಕೊಂಡು, ತಿರುಗಿಸಿ ನೋಡಿ, ವಾಪಸು ಕೊಟ್ಟರು.

"ಸಹಿ ಹಾಕೋವಾಗ ನಂಗೆ ಒಂದೇ ಯೋಚ್ನೆ. ಏನಾದ್ರೂ ಆದ್ರೆ ನಿಮಗೆ ಎಂತ ಹೇಳೋದು ಅಂತ."

"ನಾನು ಹೌದು ಅಂದಿದ್ದೆ ಮಾವ."

"ಆಯ್ತು ಬಿಡಿ. ತಾಯಿ ಮಗು ಚೆನ್ನಾಗಿದಾರಲ್ಲ" ಎಂದು ಅವರು ಮತ್ತೆ ಮೆಣಸಿನ ಕಡೆ ಬಗ್ಗಿದರು.